ಜೇಬು ತಡಕದ ದೇಶದ ಕಳ್ಳ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಡಲೆಕಾಯಿ ಮಾರುವವನು ತನ್ನ ಗಾಡಿಯ ಕಾರ್ಬೈಡ್ ದೀಪಕ್ಕೆ ನೀರು ಹನಿಸಿ ಕಡ್ಡಿ ಗೀರಿದ. ಬೆಳಕಿಗಿಂತ ಮೊದಲು ವಾಸನೆ ಬಂತು. ಬೆಳ್ಳುಳ್ಳಿಯನ್ನು ಒದ್ದೆ ಸುಣ್ಣದಲ್ಲಿ ಜಜ್ಜಿದರೆ ಹೇಗಿರುತ್ತದೋ ಅಂಥ ವಾಸನೆ. ಅದನ್ನು ಯಾರೂ ಸುವಾಸನೆ ಅನ್ನುವುದಿಲ್ಲ, ಸರಿ. ಆದರೆ ನನಗೆ ಅದು ಮೂಗಿಗೆ ಬಡಿಯಿತೆಂದರೆ ಕೂತಲ್ಲಿ ಕೂರಲಾಗುವುದಿಲ್ಲ. ಬೆಂಚಿನಿಂದ ಎದ್ದೆ. ಪ್ಲಾಟ್‌ಫಾರಮ್ಮಿನ ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಹೈಸ್ಕೂಲಿನ ಹೆಡ್‌ಮಾಸ್ಟರಾದ ನಾನು ಹೀಗೆ ಶತಪಥ ಹಾಕುವುದನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮಸ್ಕಾರ ಮಾಡಿ, ಯಾಕೆ ಸಾರ್ ಎಂದು ಕೇಳುವ ಧೈರ್ಯ ಸಾಲದೆ ಸರಿದುಹೋದ.

ಮಾರಿಕುಪ್ಪಂ ಕಡೆಯ ಗಾಡಿ ಇನ್ನೂ ಬಂದಿರಲಿಲ್ಲ. ಅದರಲ್ಲಿ ನನ್ನ ಅಕ್ಕ ಮತ್ತು ಭಾವ ಬರುವವರಿದ್ದರು. ಈ ಸಲ ಹಬ್ಬಕ್ಕಲ್ಲ; ಗಂಟುಮೂಟೆ ಕಟ್ಟಿಕೊಂಡು, ಪೂರ್ತಿಯಾಗಿ. ಭಾವನ ಚಿನ್ನದ ಗಣಿಯ ಕೆಲಸ ಮುಗಿದಿತ್ತು. ಎದೆಯಲ್ಲಿ ಕಲ್ಲಿನ ಧೂಳು ತುಂಬಿ ಕೆಮ್ಮು ಹತ್ತಿತ್ತು, ಕಂಪನಿಯವರು ಸಾಕು ಅಂದಿದ್ದರು. ಊರಿನಲ್ಲಿ ನಮ್ಮ ಮನೆಗೆ ತಗುಲಿದಂತೆ ಎರಡು ಅಂಕಣ ಎಬ್ಬಿಸಿ, ಹೆಂಚು ಹೊದಿಸಿ, ಕರೆದೊಯ್ಯಲು ನಾನು ಬಂದಿದ್ದೆ. ಇಷ್ಟು ವರ್ಷ ಗಂಟಲಲ್ಲಿ ಮುಳ್ಳಿನ ಹಾಗೆ ಇದ್ದ ಒಂದು ಪ್ರಶ್ನೆಯನ್ನು ಇವತ್ತು ಕೇಳಿಯೇಬಿಡಬೇಕೆಂದೂ ಬಂದಿದ್ದೆ. ಗಣಿಗೂ ಭಾವನಿಗೂ ಇನ್ನು ಲೆಕ್ಕವಿಲ್ಲವಲ್ಲ, ಈಗ ಕೇಳಿದರೆ ಯಾರಿಗೇನು ನಷ್ಟ? "ಭಾವ, ಆಗ ನೀನು ನಿಜವಾಗಿ ಕದ್ದಿದ್ದೆಯಾ?" ಇಷ್ಟೇ ಪ್ರಶ್ನೆ.

ಈ ಪ್ರಶ್ನೆ ಹುಟ್ಟಿದ್ದು ಒಂದು ಮೂಕಿ ಚಿತ್ರದಿಂದ ಎಂದರೆ ನೀವು ನಗಬಹುದು. ಸ್ವಲ್ಪ ತಾಳಿ. ಗಾಡಿ ಹೇಗೂ ತಡ.

ನಾನು ಬಿ.ಎ. ಮುಗಿಸಿ ಊರಿಗೆ ಬಂದ ವರ್ಷದ ಮಾತು ಅದು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲನೆಯವನು ನಾನು ಎಂದು ಹೇಳಿಕೊಂಡರೆ ಕೆಲವರಿಗೆ ಜಂಬ ಅನ್ನಿಸುತ್ತದೆ. ಅನ್ನಿಸಲಿ. ಅಪ್ಪ ಎಮ್ಮೆ ಕಟ್ಟಿ ಹಾಲು ಹಾಕಿ, ಅಮ್ಮ ಕಂಡವರ ಹೊಲದಲ್ಲಿ ಕಳೆ ಕಿತ್ತು, ಅಕ್ಕ ಗಣಿಯಿಂದ ವರ್ಷಕ್ಕೊಮ್ಮೆ ಹೊಸ ಪಂಚೆ ಕಳಿಸಿ ಆದ ಬಿ.ಎ. ಅದು. ಸುಮ್ಮನೆ ಆದದ್ದಲ್ಲ. ಡಿಗ್ರಿ ಪಡೆಯುವ ದಿನಕ್ಕೆಂದು ಇದೇ ಬಂಗಾರಪೇಟೆಯ ದರ್ಜಿಯ ಹತ್ತಿರ ಒಂದು ಕಪ್ಪು ಕೋಟು ಹೊಲಿಸಿದರು. ಅಳತೆ ತೆಗೆಯುವಾಗ ಅಪ್ಪ, "ಒಸಿ ದೊಡ್ಡದಾಗೇ ಇಕ್ಕಪ್ಪ, ಮಗ ಇನ್ನೂ ಬೆಳೀತಾನೆ" ಅಂದ. ಮೀಸೆ ಬಂದಿದ್ದ ನಾನು ಇನ್ನೆಲ್ಲಿ ಬೆಳೆಯಲಿ? ಆ ಕೋಟಿನೊಳಗೆ ನಾನು ಇದ್ದೇನೆಂದು ನನಗೆ ಗೊತ್ತಿತ್ತು, ನೋಡುವವರಿಗೆ ಕೋಟು ಮಾತ್ರ ಕಾಣುತ್ತಿತ್ತು.

ಕೋಟು ಬಂತು, ಡಿಗ್ರಿ ಬಂತು, ಕೆಲಸ ಬರಲಿಲ್ಲ. ಊರಿನಲ್ಲಿ ಕೂತರೆ "ಬಿಯ್ಯೆ ಮಾಡ್ದೋನು ಎಮ್ಮೆ ಮೇಯಿಸ್ತಾವ್ನೆ" ಎಂದು ಬಾವಿಯ ಹತ್ತಿರ ನಗುತ್ತಿದ್ದರು. ಅದಕ್ಕೇ ಉರಿಗಾಂ ಕಡೆ ಅಕ್ಕನ ಮನೆಗೆ ಹೊರಟುಬಿಟ್ಟೆ. ಅಲ್ಲಾದರೂ ಕೆಲಸವಿಲ್ಲದೆ ಅಲೆಯುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಒಬ್ಬ ಪಾಳಿಗೆ ಹೋಗುವವನಾದರೆ ಇನ್ನೊಬ್ಬ ಪಾಳಿಯಿಂದ ಬರುವವನು, ಮಧ್ಯೆ ನಿಂತವನು ಯಾವ ಪಾಳಿಯವನೋ ಯಾರಿಗೆ ಗೊತ್ತು.

ನನ್ನಕ್ಕ ವೆಂಕಟಮ್ಮ ಮಾತಿಗೆ ಹೆದರುವ ಹೆಂಗಸಲ್ಲ. ಸಾಲುಮನೆಗಳಲ್ಲಿ ಅವಳ ಮನೆ ಕೊನೆಯದು; ಬಿದಿರು ತಟ್ಟಿಯ ಗೋಡೆ, ಸಗಣಿ ಸಾರಿಸಿದ ನೆಲ. ಎಡಗಡೆಯ ಮನೆಯವರ ಜೊತೆ ತಮಿಳು, ಎದುರು ಮನೆಯವರ ಜೊತೆ ತೆಲುಗು, ಗಂಡನ ಜೊತೆ ಕನ್ನಡ, ಜಗಳಕ್ಕೆ ಮೂರೂ. ಭಾವ ಮುನಿಶಾಮಪ್ಪ ಅವಳಿಗೆ ತದ್ವಿರುದ್ಧ. ಕೆಳಗೆ ಬಂಡೆ ಕೊರೆಯುವ ಯಂತ್ರದ ಸದ್ದಿನಲ್ಲಿ ಇದ್ದು ಇದ್ದು ಮೇಲೆ ಬಂದಾಗ ಮಾತಿನ ಅಗತ್ಯವೇ ಕಾಣದ ಮನುಷ್ಯ. ಊಟಕ್ಕೆ ಕೂತರೆ "ಇಕ್ಕು" ಅನ್ನುತ್ತಿದ್ದ, ಸಾಕಾದರೆ ಕೈ ಅಡ್ಡ ಹಿಡಿಯುತ್ತಿದ್ದ.

ಅಲ್ಲಿನ ಒಂದು ಪದ್ಧತಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಪಾಳಿ ಮುಗಿಸಿ ಕೆಳಗಿನಿಂದ ಬಂದವರು ಯಾರೂ ನೇರವಾಗಿ ಮನೆಗೆ ಹೋಗುವಂತಿಲ್ಲ. ಗೇಟಿನಲ್ಲಿ ಸೋದನೆ. ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಬಾಯಿ ತೆರೆದು ನಾಲಿಗೆ ಎತ್ತಬೇಕು. ಜುಟ್ಟಿದ್ದರೆ ಬಿಚ್ಚಿ ಒದರಬೇಕು. ಅಡ್ಡಕ್ಕೆ ಕಟ್ಟಿದ ಒಂದು ಕಂಬಿಯನ್ನು ಕಾಲೆತ್ತಿ ದಾಟಬೇಕು, ಏನಾದರೂ ಉದುರುವುದೋ ನೋಡಲು. ಕಾವಲಿನ ಜಮೇದಾರ ತಡಕಿ ಬೆನ್ನು ತಟ್ಟಿದರೆ ಮನೆಗೆ. ಹುಟ್ಟಿದಾಗಿನಿಂದ ಇದನ್ನೇ ನೋಡಿದ ಸಾಲುಮನೆಯ ಮಕ್ಕಳು ಆಟ ಆಡುವುದೂ ಇದನ್ನೇ. ಒಬ್ಬ ಜಮೇದಾರ, ಉಳಿದವರು ಕೈಯೆತ್ತಿ ಬಾಯಿ ತೆರೆದು ಸಾಲಾಗಿ. ಕಂಪನಿಯ ಬಿಳಿಯ ದೊರೆಗಳಿಗೆ ಸೋದನೆ ಇಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ಹೋಗಿ ಕೆಲವೇ ದಿನಗಳಾಗಿದ್ದವು. ಪೇಟೆಯಲ್ಲಿ ಯಾರೋ ಒಬ್ಬ ಕದ್ದ ಚಿನ್ನ ಮಾರುವಾಗ ಸಿಕ್ಕಿಬಿದ್ದ. ಯಾರು ತಂದುಕೊಟ್ಟರು ಎಂದು ಬಡಿದಾಗ ಭಾವನ ಹೆಸರು ಹೇಳಿದ. ಭಾವನನ್ನು ಮರುದಿನವೇ ಕೆಳಗಿಳಿಯದಂತೆ ತಡೆದರು. ವಿಚಾರಣೆಗೆ ದೊರೆ ಕರೆದಾಗ ಬರಬೇಕು, ಅಲ್ಲಿಯವರೆಗೆ ಮನೆಯಲ್ಲಿರಬೇಕು. ತಪ್ಪಿತಸ್ಥನೆಂದಾದರೆ ಕೆಲಸ ಹೋಗುತ್ತದೆ, ಮನೆ ಕಂಪನಿಯದು, ಅದೂ ಹೋಗುತ್ತದೆ, ಆಮೇಲೆ ಪೊಲೀಸು. ಸಾಲಿನಲ್ಲಿ ಯಾರೂ ಭಾವನನ್ನು "ಕದ್ದೆಯಾ" ಎಂದು ಕೇಳಲಿಲ್ಲ. ಕೇಳುವುದು ಅಲ್ಲಿ ಮರ್ಯಾದೆಯಲ್ಲ. ಅಕ್ಕನೂ ಕೇಳಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ಲೋ ತಮ್ಮ, ನೀನಿಂಗ್ಲೀಸು ಕಲ್ತಿದ್ದು ಯಾತಕ್ಕೆ? ದೊರೆ ಕರ್ದಾಗ ನೀನೇ ಮಾತಾಡು."

"ನಾನೇನು ವಕೀಲನೇನಕ್ಕಾ?"

"ಕೋಟಿಲ್ವಾ ನಿಂತಾವ? ಸಾಕು ಬುಡು."

ಇಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಬಿ.ಎ.ಯಲ್ಲಿ ಇಂಗ್ಲಿಷನ್ನು ಓದಿದ್ದೆ, ಬರೆದಿದ್ದೆ. ಒಬ್ಬ ಇಂಗ್ಲಿಷಿನವನ ಮುಖ ನೋಡಿ ಆಡಿರಲಿಲ್ಲ. ಆಡಬೇಕಾದದ್ದೋ ಭಾವನ ಬದುಕು. ದೊರೆ ಯಾವತ್ತು ಕರೆಯುತ್ತಾನೋ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಗುಡ್ಡದಂತೆ ಬಿದ್ದ ಕಲ್ಲುಪುಡಿಯ ರಾಶಿಗಳ ಪಕ್ಕದಲ್ಲಿ ನಡೆಯುತ್ತ ಗಾಳಿಯ ಮುಂದೆ ಭಾಷಣ ಮಾಡುತ್ತಿದ್ದೆ. ಗಾಳಿ ಬೀಸಿದರೆ ಬಾಯಿಗೆ ಬಿಳಿಪುಡಿ ತುಂಬುತ್ತಿತ್ತು.

ಅಂಥ ದಿನಗಳಲ್ಲೇ ಬಯಾಸ್ಕೋಪಿನ ಟೆಂಟಿಗೆ ಆ ಚಿತ್ರ ಬಂತು. ಹೆಸರು ಮರೆತಿದ್ದೇನೆ. ಯುರೋಪಿನ ಎರಡು ದೇಶಗಳ ಕಂಪನಿಗಳು ಪಾಲುಗಾರಿಕೆಯಲ್ಲಿ ಒಂದು ಕಾದಂಬರಿಯಿಂದ ತೆಗೆದ ಅಪರಾಧದ ಚಿತ್ರ. ನಮ್ಮ ಕಡೆ ಇಬ್ಬರು ಪಾಲಿಗೆ ಹೊಲ ಮಾಡಿದರೆ ಬದುವಿನ ಮೇಲೆ ಜಗಳ ಬರುತ್ತದೆ. ಆ ಪಾಲುಗಾರರು ಜಗಳ ಬೇಡವೆಂದು ಎಲ್ಲವನ್ನೂ ಸರಿಸಮ ಹಂಚಿಕೊಂಡಿದ್ದರೋ ಏನೋ, ನಮ್ಮ ಟೆಂಟಿಗೆ ಬಂದ ರೀಲುಗಳಲ್ಲಿ ಮೊದಲರ್ಧದ ಬರಹ ಒಂದು ದೇಶದ ಭಾಷೆಯಲ್ಲಿ, ಎರಡನೆಯ ಅರ್ಧದ್ದು ಇನ್ನೊಂದರಲ್ಲಿ. ನಾಯಕನ ಹೆಸರು ನಡುವೆಯೇ ಬದಲಾಗಿಬಿಡುತ್ತಿತ್ತು: ಮೊದಲು ಕಾರ್ಲ್, ಆಮೇಲೆ ಶಾರ್ಲ್. ಇಂಗ್ಲಿಷು ಎಲ್ಲೂ ಇಲ್ಲ.

ಟೆಂಟಿನಲ್ಲಿ ಪರದೆಯ ಪಕ್ಕ ಬೆತ್ತ ಹಿಡಿದು ನಿಂತು ಕತೆ ಹೇಳುತ್ತಿದ್ದವನು ಏಳುಮಲೈ. ಹಗಲು ಬಜಾರಿನಲ್ಲಿ ಸೋಡಾ ಮಾರುತ್ತಿದ್ದ, ಸಂಜೆ ಮೂಕಿ ಚಿತ್ರಕ್ಕೆ ನಾಲಿಗೆಯಾಗುತ್ತಿದ್ದ. ಯಾವ ಚಿತ್ರವಾದರೂ ಅವನ ಬಾಯಲ್ಲಿ ಮೂರು ಭಾಷೆ ಮಾತಾಡುತ್ತಿತ್ತು. ಈ ಚಿತ್ರದ ಮುಂದೆ ಮಾತ್ರ ಅವನೂ ಬೆವರಿದ. ಭಾವನ ಮನೆಗೆ ಬಿ.ಎ. ಬಂದಿದ್ದಾನೆಂದು ಕೇಳಿ ಹುಡುಕಿಕೊಂಡು ಬಂದ.

"ಸಾರ್, ನೀಂಗ ಬಿ.ಎ. ತಾನೇ? ಪರದೆ ಮೇಲೆ ಬರೋ ಆ ಎಳುತ್ತು ಏನಂತೆ, ಸ್ವಲ್ಪ ಓದಿ ಸೊಲ್ಲಿ ಸಾರ್."

ಎರಡು ಭಾಷೆಯಲ್ಲಿ ಒಂದೂ ನನಗೆ ಬರುತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವಷ್ಟರಲ್ಲಿ ಅವನು ನನ್ನನ್ನು ಟೆಂಟಿಗೆ ಎಳೆದೊಯ್ದಿದ್ದ, ಪರದೆಯ ಮೇಲೆ ಒಡವೆ ಕಾರ್ಖಾನೆ, ತೆಳ್ಳಗಿನ ಗುಮಾಸ್ತ, ದಪ್ಪ ಮುದುಕ ಯಜಮಾನ ಕಂಡರು. ಕತೆ ಗೊತ್ತಾಗಿಹೋಯಿತು! ಕಾಲೇಜಿನ ಲೈಬ್ರರಿಯಲ್ಲಿ ಆ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದ್ದೆ. ಪರೀಕ್ಷೆಗೆ ಓದಬೇಕಾದ ದಿನಗಳಲ್ಲಿ ಕದ್ದು ಓದಿದ ಪುಸ್ತಕ. ಅಂಥವು ಚೆನ್ನಾಗಿ ನೆನಪಿರುತ್ತವೆ. ಏಳುಮಲೈಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಕಿವಿಯಲ್ಲಿ ಹೇಳಿದೆ: "ಆ ತೆಳ್ಳಗಿನವನು ಕೆಲಸದ ಆಳು. ಒಡವೆ ಕಳುವಾಗುತ್ತೆ. ಆಪಾದನೆ ಇವನ ಮೇಲೆ ಬರುತ್ತೆ." ಕಾರ್ಲನ್ನೂ ಶಾರ್ಲನ್ನೂ ಬದಿಗಿಟ್ಟು ಏಳುಮಲೈ ಅವನಿಗೆ ರಾಮಸಾಮಿ ಎಂದು ಹೆಸರಿಟ್ಟ. ಎರಡು ದೇಶಗಳವರು ಬಗೆಹರಿಸಲಾಗದ್ದನ್ನು ಸೋಡಾ ಮಾರುವವನು ಬಗೆಹರಿಸಿದ.

ಆದರೆ ಟೆಂಟು ಒಪ್ಪಲಿಲ್ಲ.

ಚಿತ್ರದಲ್ಲಿ ಸಾಯಂಕಾಲ ಕಾರ್ಖಾನೆಯ ಗಂಟೆ ಅಲ್ಲಾಡಿತು. ಪರದೆಯ ಮೇಲೆ ರಾಮಸಾಮಿ ಟೋಪಿ ಹಾಕಿಕೊಂಡ, ಕೋಟಿನ ಗುಂಡಿ ಹಾಕಿಕೊಂಡ, ಬಾಗಿಲು ತೆರೆದು ಬೀದಿಗೆ ನಡೆದುಬಿಟ್ಟ. ಅಷ್ಟೇ. ಟೆಂಟಿನ ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಸೋದನೆ ಎಲ್ಲಯ್ಯಾ?"

"ಬಾಯಿ ತೆರ್ಸಲಿಲ್ಲ!"

"ಜೇಬೇ ಮುಟ್ಲಿಲ್ವಲ್ಲಾ!"

"ಲೇ ಏಳುಮಲೈ, ಯಾರ್ಲಾ ಅವ್ನು ಆಳು ಅಂದೋನು? ಆಳ್ನ ಹಂಗೆ ಬುಡ್ತಾರಾ? ಅವ್ನು ದೊರೆ ಕಣ್ಲಾ!"

ಏಳುಮಲೈ ನನ್ನ ಮುಖ ನೋಡಿದ. ಆಳೇ, ಪುಸ್ತಕದಲ್ಲಿ ಹಾಗೇ ಇದೆ ಎಂದು ನಾನು ಹಲ್ಲು ಕಚ್ಚಿ ಹೇಳಿದೆ. ಅವನು ಹೇಳಿ ನೋಡಿದ, ಶಿಳ್ಳೆ ಬಿತ್ತು. ಅಷ್ಟರಲ್ಲಿ ಆ ದಪ್ಪ ಮುದುಕ, ನಿಜವಾದ ಯಜಮಾನ, ರೈಲಿನಲ್ಲಿ ಪಕ್ಕದ ದೇಶಕ್ಕೆ ಹೊರಟ. ಗಡಿಯ ಸ್ಟೇಷನ್ನಿನಲ್ಲಿ ಸುಂಕದವರು ಅವನನ್ನು ಇಳಿಸಿ, ಕೈಯೆತ್ತಿಸಿ, ಕೋಟು, ಟೋಪಿ, ಬೂಟಿನವರೆಗೆ ತಡಕಿದರು. ಟೆಂಟು ಹೋ ಎಂದಿತು. ಇನ್ನು ಅನುಮಾನವೇ ಉಳಿಯಲಿಲ್ಲ. ಕೈಯೆತ್ತಿದವನು ಆಳು, ಎತ್ತದವನು ದೊರೆ. ದಪ್ಪ ಮುದುಕ ಪಾಪದ ಕೂಲಿಯವನು, ತೆಳ್ಳಗಿನ ದೊರೆ ಅವನ ಒಡವೆಯನ್ನು ನುಂಗಿದ್ದಾನೆ! ಏಳುಮಲೈ ಗಾಳಿ ಬಂದ ಕಡೆ ತಿರುಗುವವನು. ಬೆತ್ತ ಝಳಪಿಸಿ, "ಪಾರುಂಗೋ, ದೊರೆಯ ಕಳ್ಳತನ ನೋಡಿರೋ!" ಎಂದು ಆ ಕ್ಷಣವೇ ಕತೆಯನ್ನು ತಲೆಕೆಳಗು ಮಾಡಿದ. ನಾನು ಸ್ಟೂಲಿನ ಮೇಲೆ ಕುದಿಯುತ್ತಿದ್ದೆ. ನನ್ನ ಬಿ.ಎ.ಗೆ ಇಂಥ ಅವಮಾನ!

ತಮಾಷೆ ನೋಡಿ, ತಲೆಕೆಳಗಾದ ಕತೆಯೇ ನೇರ ಕತೆಗಿಂತ ಚೆನ್ನಾಗಿ ಕೂತಿತು. ದೊರೆಯನ್ನು ಕಟಕಟೆಯಲ್ಲಿ ನಿಲ್ಲಿಸಿದಾಗ ಜನ ಎದ್ದುನಿಂತು ನೋಡಿದರು. ಕಡೆಗೆ ಅವನನ್ನು ನಿರಪರಾಧಿ ಎಂದು ಬಿಟ್ಟಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. "ದೊರೆ ಅಲ್ವಾ, ಬುಡ್ದೆ ಏನ್ ಮಾಡ್ತಾರೆ" ಎಂದು ಬೀಡಿ ಹಚ್ಚಿಕೊಂಡು ಹೊರಟರು. ಅದೇ ಚಿತ್ರ ಎಷ್ಟೋ ದಿನ ಓಡಿತು. ಬಿಳಿಯ ದೊರೆ ಕೈಕಟ್ಟಿ ನಿಂತು ತಲೆ ತಗ್ಗಿಸುವುದನ್ನು ನೋಡಲು ಸುತ್ತಲಿನ ಸಾಲುಗಳಿಂದ ಮತ್ತೆ ಮತ್ತೆ ಬಂದರು. ನಾನೂ ದಿನಾ ಹೋದೆ. ಏಳುಮಲೈಗೆ ನನ್ನ ಅಗತ್ಯವಿರಲಿಲ್ಲ. ನನಗೆ ಕೋರ್ಟಿನ ದೃಶ್ಯ ಬೇಕಿತ್ತು. ಅಲ್ಲಿ ಕಪ್ಪು ನಿಲುವಂಗಿಯ ವಕೀಲ ಕೈ ಚಾಚಿ, ಎದೆ ಮುಟ್ಟಿ, ಬೆರಳೆತ್ತಿ ವಾದಿಸುತ್ತಿದ್ದ. ಮಾತು ಕೇಳುತ್ತಿರಲಿಲ್ಲ, ಆದರೆ ಕೈ ಎಲ್ಲಿ ಎತ್ತಬೇಕೆಂದು ಕಲಿಯಬಹುದಿತ್ತು.

ಅಕ್ಕನೂ ಬಂದಳು. ಹೆಂಗಸರ ಕಡೆ, ಅಡ್ಡ ಕಟ್ಟಿದ ಸೀರೆಯ ಆಚೆ ಕೂತಳು. ಅವಳು ನೋಡುತ್ತಿದ್ದದ್ದು ಆಪಾದಿತನ ಹೆಂಡತಿಯನ್ನು. ಆ ಹೆಂಡತಿ ಕೋರ್ಟಿನಲ್ಲಿ ಕೈಚೀಲವನ್ನು ಹಿಂಡುತ್ತ, ಒಂದು ಮಾತೂ ಆಡದೆ ಕೂತಿರುತ್ತಾಳೆ. ಅಕ್ಕನಿಗೆ ಅದೇ ಸಹಿಸಲಾಗುತ್ತಿರಲಿಲ್ಲ.

ಒಂದು ಸಂಜೆ ವಕೀಲ ಬೆರಳೆತ್ತಿದ್ದಾಗಲೇ ನೆಲ ಗುಡುಗಿತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಊರೆಲ್ಲ ನಡುಗುತ್ತದೆ. ಪರದೆ ಅಲುಗಿತು, ವಕೀಲ, ಜಡ್ಜು, ಕಟಕಟೆ ಎಲ್ಲವೂ ಅಲುಗಿದವು. ಕಾರ್ಬೈಡ್ ದೀಪಗಳು ಗಳುವಿನ ಮೇಲೆ ತೂಗಾಡಿದವು. ಏಳುಮಲೈ ನಡುಮಾತಿನಲ್ಲಿ ನಿಲ್ಲಿಸಿದ. ಕೆಳಗೆ ನಮ್ಮವರು ಯಾರಿದ್ದಾರೆ ಎಂದು ಒಬ್ಬೊಬ್ಬರೂ ಮನಸ್ಸಿನಲ್ಲಿ ಹುಡುಕಿಕೊಳ್ಳುವ ಹೊತ್ತು ಅದು. ಅಪಾಯದ ಕೊಂಬು ಊದುತ್ತದೋ ಎಂದು ಕಿವಿ ಅಲ್ಲೇ ಇರುತ್ತದೆ. ಊದಲಿಲ್ಲ. ಆಗ ಸೀರೆಯ ಆಚೆಯಿಂದ ಅಕ್ಕನ ದನಿ ಕೇಳಿತು, ಯಾರಿಗೋ ಹೇಳುತ್ತಿದ್ದಳು: "ಇವತ್ತು ನನ್ ಗಂಡ ಮ್ಯಾಲವ್ನೆ ಕಣಮ್ಮಿ. ಮ್ಯಾಲವ್ನೆ." ಹೇಳಿ ನಕ್ಕಳು. ನಗುತ್ತಲೇ ಅತ್ತಳು. ಭಾವನನ್ನು ಕೆಲಸದಿಂದ ತಡೆದ ಮೇಲೆ ಅವಳು ಅತ್ತದ್ದು ನಾನು ಕಂಡದ್ದು ಅದೊಂದೇ ಸಲ. ಗಂಡನನ್ನು ಮತ್ತೆ ಆ ಗಣಿಯ ಬಾಯಿಗೇ ಇಳಿಸಿ ಎಂದು ನಾಳೆ ದೊರೆಯ ಮುಂದೆ ನಾವು ಬೇಡಬೇಕಾಗಿತ್ತಲ್ಲ, ಅದು ಅವಳಿಗೆ ಆಗ ಹೊಳೆದಿರಬೇಕು.

ಚಿತ್ರ ಮತ್ತೆ ಓಡಿತು. ವಕೀಲನ ಬೆರಳು ಇನ್ನೂ ಎತ್ತಿಯೇ ಇತ್ತು. ಅಕ್ಕನಿಗೆ ತಾಳ್ಮೆ ಮುಗಿದಿತ್ತು. ಎದ್ದುನಿಂತು ಪರದೆಗೇ ಕೂಗಿದಳು:

"ಅಷ್ಟೊತ್ತಿಂದ ಕೈ ಆಡುಸ್ತೀಯಲ್ಲಯ್ಯ, ಒಂದು ಮಾತು ಕೇಳು! ಇವ್ನ ಯಾರೂ ಸೋದನೆ ಮಾಡ್ಲಿಲ್ಲ, ಕದ್ದ ಅಂದ್ರೆ ನಂಬ್ತೀನಿ. ನಮ್ಮೋರ್ನ ದಿನಾ ಬಾಯಿ ತೆರ್ಸಿ, ಜುಟ್ಟು ಒದರ್ಸಿ, ಕಾಲೆತ್ತಿಸಿ ಬುಡ್ತಾರಲ್ಲ. ಆಮ್ಯಾಕೂ ಕಳ್ಳ ಅಂದ್ರೆ, ಹುಡುಕ್ದೋನು ಏನ್ ಮಾಡ್ತಿದ್ದ? ಗೇಟ್ನಾಗೆ ನಿದ್ದೆ ಹೊಡೀತಿದ್ನಾ?"

ಟೆಂಟಿಗೆ ಟೆಂಟೇ ನಕ್ಕಿತು. ಏಳುಮಲೈ, "ಅಕ್ಕಾ, ನೀನೇ ವಾ, ಈ ಬೆತ್ತ ನೀನೇ ಹಿಡಿ!" ಅಂದ. ನಾನು ತಲೆ ತಗ್ಗಿಸಿದೆ, ಬಿ.ಎ. ತಮ್ಮನಿರುವ ಹೆಂಗಸು ಹೀಗೆ ಕೂಗಬಾರದಿತ್ತು ಅನ್ನಿಸಿತು.

ಅವತ್ತು ಭಾವನೂ ಬಂದಿದ್ದ. ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದ. ಮನೆಗೆ ನಡೆಯುವಾಗ ಅಕ್ಕ ಮುಂದೆ ಹೋಗಿದ್ದಳು. ಭಾವ ಇದ್ದಕ್ಕಿದ್ದಂತೆ ಕೇಳಿದ: "ಬಾಮೈದ, ನೀನು ಬುಕ್ಕು ಓದಿದೀಯಲ್ಲ. ಬುಕ್ನಾಗೂ ಅವ್ನ ಹಿಂಗೇ ಬುಡ್ತಾರಾ?"

ಅವನಾಗಿ ಇಷ್ಟುದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲ ಭಾವ. ಬುಕ್ಕಿನಲ್ಲಿ ಅವನೇ ಕದ್ದಿರುತ್ತಾನೆ. ಕಡೇಲಿ ಹೆಂಡ್ತಿಗೆ ಹೇಳ್ತಾನೆ."

ಭಾವ ನಡೆಯುತ್ತಲೇ ಇದ್ದ. ಸಾಲುಮನೆಯ ತಿರುವು ಬಂದಾಗ ಅಂದ: "ಬುಕ್ಕು ಬರ್ದೋನು ಒಂಟಿ ಮನ್ಸ ಅನ್ಸತ್ತೆ. ಜತೆಗೊಬ್ಬ ಪಾಲುಗಾರ ಇದ್ದಿದ್ರೆ ಹಂಗೆ ಮಾಡಕ್ಕೆ ಬುಡ್ತಿರ್ಲಿಲ್ಲ."

ಅದು ತಮಾಷೆಯೋ, ತಪ್ಪೊಪ್ಪಿಗೆಯೋ, ಬರೀ ಮಾತೋ? ಆವತ್ತಿನಿಂದ ಇವತ್ತಿನವರೆಗೆ ನನಗೆ ತಿಳಿದಿಲ್ಲ. ನನ್ನ ಮುಳ್ಳು ಚುಚ್ಚಿಕೊಂಡದ್ದು ಅಲ್ಲಿ.

ದೊರೆ ಕರೆದ. ನಾನು ಕೋಟು ಹಾಕಿಕೊಂಡೆ. ಅಕ್ಕ ಅದರ ಜೇಬಿಗೆ ಹುರಿದ ಕಡಲೆಕಾಯಿ ತುಂಬಿದಳು, "ಎಷ್ಟೊತ್ತು ಕಾಯ್ಸಾರೋ ಏನೋ." ತಾನೂ ಬಂದು ಗೇಟಿನ ಹೊರಗೆ ಹೊಂಗೆಮರದ ಕೆಳಗೆ ಕೂತಳು. ಗೇಟಿನಲ್ಲಿ ಜಮೇದಾರ ಭಾವನಿಗೆ ಕಣ್ಣು ತೋರಿಸಿದ, ಭಾವ ಕೈಯೆತ್ತಿದ. ಒಳಗೆ ಹೋಗುವಾಗ ಏನು ಸೋದನೆ ಎಂದು ನಾನು ಕೇಳಬೇಕೆಂದಿದ್ದಾಗ ಜಮೇದಾರ ನನ್ನ ಕೋಟು ನೋಡಿ ಸಲಾಮು ಹೊಡೆದು ದಾರಿ ಬಿಟ್ಟ. ನನ್ನ ಜೇಬುಗಳು ಎರಡು ಕಡೆಯೂ ಉಬ್ಬಿ ಜೋಲಾಡುತ್ತಿದ್ದವು. ತಡಕಲಿಲ್ಲ. ಪರದೆಯ ಮೇಲಿನ ಆ ತೆಳ್ಳಗಿನವನ ಹಾಗೆ ನಾನು ನಡೆದುಹೋದೆ. ಮೈ ಬಿಸಿಯಾಯಿತು. ಹೆಮ್ಮೆಗೋ ನಾಚಿಕೆಗೋ ಹೇಳಲಾರೆ. ಎರಡೂ ಒಂದೇ ಕೋಟಿನಲ್ಲಿದ್ದವು.

ದೊರೆ ಮೇಜಿನ ಹಿಂದೆ ಪೈಪು ತುಂಬುತ್ತಿದ್ದ. ಜಮೇದಾರ ಬಾಗಿಲಲ್ಲಿ ನೆಟ್ಟಗೆ ನಿಂತ. ನಾನು ಇಂಗ್ಲಿಷಿನಲ್ಲಿ ಆರಂಭಿಸಿದೆ. ನ್ಯಾಯ ಎಂದರೇನು, ನಾಗರಿಕತೆ ಎಂದರೇನು, ಸಾಮ್ರಾಜ್ಯದ ಘನತೆ ಎಂದರೇನು. ಎಲ್ಲಿ ಕೈ ಚಾಚಬೇಕೋ ಅಲ್ಲಿ ಚಾಚಿದೆ. ತೋಳು ಉದ್ದದ ಕೋಟಿನಲ್ಲಿ ಕೈ ಹೊರಗೆ ಬರುತ್ತಲೇ ಇರಲಿಲ್ಲ. ದೊರೆ ಕಿಟಕಿಯ ಕಡೆ ನೋಡಿದ. ಅವನಿಗೆ ನನ್ನ ಇಂಗ್ಲಿಷು ಅರ್ಥವಾಗುತ್ತಿತ್ತು, ಬೇಕಾಗಿರಲಿಲ್ಲ. ನಾನು ತಡವರಿಸಿದೆ. ಕೈ ತಾನಾಗಿ ಜೇಬಿಗೆ ಹೋಯಿತು. ಬೆರಳಿಗೆ ಕಡಲೆಕಾಯಿ ಸಿಕ್ಕಿತು. ನಾನೂ ಕಿಟಕಿಯ ಕಡೆ ನೋಡಿದೆ. ಹೊಂಗೆಮರದ ಕೆಳಗೆ ಅಕ್ಕ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

"ಸ್ವಾಮಿ," ಅಂದೆ, "ಅಲ್ಲಿ ಕೂತಿರುವವಳು ನನ್ನ ಅಕ್ಕ. ಇವನ ಹೆಂಡತಿ. ಅವಳದೊಂದು ಪ್ರಶ್ನೆ ಇದೆ." ಅವಳು ಟೆಂಟಿನಲ್ಲಿ ಕೂಗಿದ್ದನ್ನು ಒಂದೂ ಬಿಡದೆ, ಅಲಂಕಾರ ಹಚ್ಚದೆ, ಸಣ್ಣ ಸಣ್ಣ ವಾಕ್ಯಗಳಲ್ಲಿ ಇಂಗ್ಲಿಷಿಗೆ ತಂದೆ. ನೀವು ಇವನನ್ನು ದಿನವೂ ಹುಡುಕಿದ್ದೀರಿ. ಬಾಯಿ, ಕೂದಲು, ಬಟ್ಟೆ. ದಿನವೂ ಏನೂ ಇಲ್ಲವೆಂದು ಬೆನ್ನು ತಟ್ಟಿ ಕಳಿಸಿದ್ದೀರಿ. ಈಗ ಇವನು ಚಿನ್ನ ಸಾಗಿಸಿದ ಅನ್ನುತ್ತೀರಿ. ಹಾಗಾದರೆ ನಿಮ್ಮ ಗೇಟಿನವರು ಏನು ಮಾಡುತ್ತಿದ್ದರು?

ದೊರೆ ಪೈಪು ಕೆಳಗಿಟ್ಟ. ಜಮೇದಾರನ ಕಡೆ ತಿರುಗಿ ಅದನ್ನೇ ಕೇಳಿದ. ಜಮೇದಾರನ ಮುಖ ಕೆಂಪೇರಿತ್ತು. ತನ್ನ ಗೇಟಿನಲ್ಲಿ ಸೂಜಿಯೂ ದಾಟಿಲ್ಲ, ದಾಟಿದ್ದರೆ ತನ್ನ ತೋಳಿನ ಪಟ್ಟಿ ಕಿತ್ತುಕೊಳ್ಳಿ ಅಂದ. ಇನ್ನೇನು ಉಳಿಯಿತು? ಗೇಟು ತೂತು ಅನ್ನಬೇಕು, ಇಲ್ಲವೇ ಮನುಷ್ಯ ಚೊಕ್ಕ ಅನ್ನಬೇಕು. ಗೇಟು ತೂತು ಎಂದು ಒಪ್ಪಿಕೊಂಡರೆ ದೊರೆಗೆ ತನ್ನ ಮೇಲಿನವರಿಗೆ ಉತ್ತರ ಹೇಳುವ ಪಾಡು. ಅವನು ಭಾವನ ಮುಖವನ್ನು ಒಂದು ಸಲವೂ ನೋಡದೆ, ನಾಳೆಯಿಂದ ಇಳಿಯಲಿ ಅಂದ. ನನ್ನನ್ನು ಯಾವ ಕಾಲೇಜು ಎಂದು ಕೇಳಿದ. ಹೇಳಿದೆ. ಮಾತು ಅಕ್ಕನದು, ಇಂಗ್ಲಿಷು ನನ್ನದು. ಒಂದಿಲ್ಲದೆ ಇನ್ನೊಂದು ಆ ಮೇಜು ಮುಟ್ಟುತ್ತಿರಲಿಲ್ಲ. ಆ ಬಿ.ಎ. ಪಡೆದದ್ದು ಸಾರ್ಥಕ ಎಂದು ನಾನು ಈಗಲೂ ಹೇಳುತ್ತೇನೆ, ಯಾರ ಮುಂದೆಯೂ ಹೇಳುತ್ತೇನೆ.

ಗೆದ್ದದ್ದರ ಇನ್ನೊಂದು ಮುಖ ಹೊರಗೆ ಬರುವಾಗಲೇ ಕಂಡಿತು. ಜಮೇದಾರ ಭಾವನನ್ನು ತಾನೇ ನಿಲ್ಲಿಸಿಕೊಂಡು ಹುಡುಕಿದ. ಎಷ್ಟು ಹೊತ್ತು! ಕಿವಿ, ಉಗುರು, ಪಾದದ ಸಂದು. ಭಾವನ ಮೇಲೆ ಈಗ ಅವನ ನೌಕರಿಯೇ ನಿಂತಿತ್ತಲ್ಲ. ಆವತ್ತಿನಿಂದ ಭಾವನಿಗೆ ಮಾತ್ರ ಎರಡು ಸೋದನೆ, ಎಲ್ಲರ ಜೊತೆ ಒಂದು, ಎಲ್ಲರೂ ಹೋದ ಮೇಲೆ ಒಂದು. ಜಮೇದಾರ ಬದಲಾದ, ಬಂದವನಿಗೆ ಹೇಳಿಹೋದ. ಅವನು ಅವನ ನಂತರದವನಿಗೆ ಹೇಳಿದ. ಟೆಂಟಿಗೆ ಟಾಕಿ ಬಂದು, ಏಳುಮಲೈ ಪೂರ್ತಿ ಸೋಡಾಕ್ಕೆ ಇಳಿದ. ಯುದ್ಧ ಬಂತು, ಮುಗಿಯಿತು. ಭಾವ ಪಾಳಿ ಬಿಟ್ಟು ಮನೆಗೆ ಎಲ್ಲರಿಗಿಂತ ತಡವಾಗಿ ಬರುವುದು ಮಾತ್ರ ತಪ್ಪಲಿಲ್ಲ. ಬಂದು ಊಟಕ್ಕೆ ಕೂರುತ್ತಿದ್ದ. "ಇಕ್ಕು" ಅನ್ನುತ್ತಿದ್ದ, ಅಕ್ಕ ಇಕ್ಕುತ್ತಿದ್ದಳು.

ಗಾಡಿ ಬಂತು.

ಅಕ್ಕ ಮೊದಲು ಇಳಿದಳು, ಬುಟ್ಟಿಯೊಂದಿಗೆ, ಗಾಡಿ ನಿಲ್ಲುವ ಮೊದಲೇ ಬೈಯುತ್ತ. "ಯಾಕ್ಲಾ ಇಷ್ಟು ಸೊರಗಿದೀಯ? ಮೇಷ್ಟ್ರಿಗೆ ಮುದ್ದೆ ಇಕ್ಕೋರಿಲ್ವಾ?" ಭಾವ ಹಿಂದಿನಿಂದ ಬಂದ. ಗಣಿಯ ಕಾರ್ಬೈಡ್ ದೀಪವೊಂದನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಕೆಮ್ಮಿದ. ನನ್ನನ್ನು ನೋಡಿ ತಲೆಯಾಡಿಸಿದ. ನಾನು ಮೂಟೆ ಎತ್ತಿಕೊಂಡೆ. ಪ್ರಶ್ನೆ ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೊರಗೆ ಹೋಗಿ ಜಟಕಾ ಹತ್ತಿದ ಮೇಲೆ ಕೇಳೋಣ ಎಂದುಕೊಂಡೆ.

ಹೊರಬಾಗಿಲಲ್ಲಿ ಖಾಕಿ ತೊಟ್ಟ ಟಿಕೆಟ್ ಕಲೆಕ್ಟರು ನಿಂತಿದ್ದ, ಹೊಸ ಹುದ್ದೆಯ ಯುವಕ. ಅಕ್ಕ ಟಿಕೆಟ್ಟು ಕೊಟ್ಟು ದಾಟಿದಳು. ನಾನು ನನ್ನ ಪ್ಲಾಟ್‌ಫಾರಂ ಟಿಕೆಟ್ಟು ಕೊಟ್ಟೆ. ಭಾವ ದೀಪವನ್ನು ಮೆಲ್ಲಗೆ ನೆಲಕ್ಕಿಟ್ಟ. ಟಿಕೆಟ್ಟನ್ನು ಅವನ ಕೈಗೆ ಕೊಟ್ಟ. ಆಮೇಲೆ ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು, ನಿಂತ.

ಯುವಕನಿಗೆ ಏನೂ ತಿಳಿಯಲಿಲ್ಲ. ನನ್ನ ಮುಖ ನೋಡಿದ. ಹಿಂದಿನವರು ನಿಂತರು. ಭಾವ ಕಾಯುತ್ತಿದ್ದ, ಎಲ್ಲರ ಜೊತೆ ಒಂದು, ಎಲ್ಲರೂ ಹೋದ ಮೇಲೆ ಇನ್ನೊಂದು, ಅವನಿಗೆ ಅವಸರವಿರಲಿಲ್ಲ. ತೋಳಿನ ಮೂಳೆಗಳು ಅಂಗಿಯಿಂದ ಹೊರಗೆ ಬಂದಿದ್ದವು. ಆಚೆ ಕಡಲೆಕಾಯಿ ಗಾಡಿಯ ಕಾರ್ಬೈಡ್ ದೀಪ ಆ ಅಂಗೈಗಳ ಮೇಲೆ ಬೆಳಕು ಬಿಟ್ಟಿತ್ತು. ಕೈಯಲ್ಲಿ ಏನೂ ಇರಲಿಲ್ಲ. ನಾನು ಇನ್ನೇನು ಕೇಳಿ ತಡಕಬೇಕೆಂದಿದ್ದೆನೋ, ಆ ಪ್ರಶ್ನೆ ನನ್ನ ಬಾಯಲ್ಲೇ ಕರಗಿತು.

ಅಕ್ಕ ಬುಟ್ಟಿ ಇಳಿಸಿ ವಾಪಸು ಬಂದಳು. ಜನರನ್ನು ಸರಿಸಿಕೊಂಡು ಬಂದು ಗಂಡನ ಮಣಿಕಟ್ಟು ಹಿಡಿದಳು, ಒಂದಾದ ಮೇಲೆ ಒಂದು.

"ಕೈ ಇಳ್ಸಯ್ಯ," ಅಂದಳು. "ಇದು ಬಂಗಾರಪೇಟೆ."